ನೈಲ ತೀರದ ವೃಷಭವೂ ಬಳ್ಳಾರಿ ಸೀಮೆಯ ಬೂದಿದಿಬ್ಬವೂ

ಗೋವೃಷಭಗಳನ್ನು ಪೂಜ್ಯವೆಂದೆಣಿಸುವ ಭಾವನೆಯು ಭರತಖಂಡಕ್ಕೆ ಮಾತ್ರ ಮೀಸಲಾದುದಲ್ಲ. ನೈಲ ನದಿಯ ತೀರದ ಪುರಾತನ ಈಜಿಪ್ತ ದೇಶದಲ್ಲಿಯೂ ಅದು ಸುಮಾರು ಮೂರು ಸಾವಿರ ವರ್ಷಗಳ ಕಾಲ ನೆಲೆಗೊಂಡಿದ್ದಿತು. ಅಲ್ಲಿಯ ಮೆಂಫಿಸ್ ಪಟ್ಟಣದಲ್ಲಿ ಆಪಿಸ್ ಎಂಬ ವೃಷಭವು ಪ್ತಾಹನೆಂಬ ದೇವನ ಸಜೀವ ರೂಪವೆಂದು ಪೂಜೆಗೊಳ್ಳುತ್ತಿದ್ದಿತು. ಒಂದು ಕಾಲಕ್ಕೆ ಒಂದೇ ಆಪಿಸ್; ನಿಯತವಾದ ಮಚ್ಚೆಗಳುಳ್ಳ ಕರುವನ್ನೇ ಅರಸಿ ತರುತ್ತಿದ್ದರು. ಅದನ್ನು ಹೆತ್ತ ಹಸುವಿಗೂ ಗೌರವವು ಸಲ್ಲುತ್ತಿದ್ದಿತು. ಹಾಥೋರ್ ದೇವಿಯನ್ನು ಶಿಲ್ಪಿಗಳು ಹಸುವಾಗಿಯೂ, ಕೊಂಬುಗಳ ನಡುವೆ ಸೂರ್ಯಬಿಂಬವನ್ನು ಧರಿಸಿದ ಸ್ತ್ರೀಯಾಗಿಯೂ ಕಡೆದರು. 1851ರಲ್ಲಿ ಮಾರಿಯೆಟ್ ಎಂಬ ಫ್ರೆಂಚ್ ವಿದ್ವಾಂಸರು ಸಕ್ಕಾರದ ಮರಳಿನಡಿಯಲ್ಲಿ ಆಪಿಸ್ ವೃಷಭಗಳ ನೆಲಮಾಳಿಗೆಗಳನ್ನು ಕಂಡುಹಿಡಿದರು. ಅಲ್ಲಿಯ ಮಹಾಶಿಲೆಯ ಪೆಟ್ಟಿಗೆಗಳು ಆ ವೃಷಭಗಳಿಗೆ ರಾಜರಿಗೊಪ್ಪುವ ಅಂತ್ಯಸಂಸ್ಕಾರವಾಗುತ್ತಿದ್ದುದನ್ನು ಸಾರುತ್ತವೆ.

ಈಜಿಪ್ತದಲ್ಲಿ ಪಿರಮಿಡ್ಡುಗಳು ಏಳುತ್ತಿದ್ದ ಯುಗದಲ್ಲಿಯೇ ಬಳ್ಳಾರಿ ಸೀಮೆಯ ಕಲ್ಲುಗುಡ್ಡಗಳ ನಡುವೆ ಬೇರೊಂದು ಗೋಪಾಲಕ ಜನಾಂಗವು ಬಾಳುತ್ತಿದ್ದಿತು. ಅವರಿಗೆ ಲಿಪಿಯಿರಲಿಲ್ಲ, ದೇಗುಲವಿರಲಿಲ್ಲ. ಅವರು ಬಿಟ್ಟುಹೋದುದು ಬೂದಿಯ ದಿಬ್ಬಗಳನ್ನು. ಕುಡತಿನಿಯ ಸಮೀಪದ ದಿಬ್ಬವು ಇವುಗಳಲ್ಲಿ ಪ್ರಸಿದ್ಧವಾದುದು. ಅದು ರಾಕ್ಷಸನ ಚಿತಾಭಸ್ಮವೆಂಬುದು ಜನರ ನಂಬಿಕೆಯಾಗಿದ್ದಿತು. ಆದರೆ ಅದು ದನದ ಸಗಣಿಯು ಸುಟ್ಟು ಆದ ಬೂದಿಯೆಂಬುದು ಶೋಧನೆಯಿಂದ ಸಿದ್ಧಪಟ್ಟಿದೆ. ತೆಲಂಗಾಣದ ಉಟ್ನೂರಿನಲ್ಲಿ 1957ರಲ್ಲಿ ಆಲ್ಚಿನ್ ಎಂಬವರು ಇಂಥದೇ ದಿಬ್ಬವನ್ನು ಅಗೆಯಲು, ದನಗಳ ಗೊರಸಿನ ಗುರುತುಗಳೇ ಬೂದಿಯಲ್ಲಿ ದೊರೆತವು. ದೊಡ್ಡಿಗಳಲ್ಲಿ ರಾಶಿಗೊಂಡ ಸಗಣಿಗೆ ಹಬ್ಬದ ಕಾಲದಲ್ಲಿ ಬೆಂಕಿಯಿಡುತ್ತಿದ್ದರೆಂದು ಅವರ ಮತ. ದೊಡ್ಡಿಯನ್ನು ಶುಚಿಗೊಳಿಸುವುದಕ್ಕಾಗಿ ಸುಟ್ಟುದೆಂದು ಬೇರೆ ಪಂಡಿತರ ಮತ.

ಬಳ್ಳಾರಿ ನಗರದ ಸಮೀಪದ ಸಂಗನಕಲ್ಲು ಮತ್ತು ಕಪ್ಪಗಲ್ಲು ಗುಡ್ಡಗಳಲ್ಲಿ ಈ ಜನರ ವಾಸಸ್ಥಾನವಿದ್ದಿತು. ಕಪ್ಪಗಲ್ಲಿನ ಕರಿಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಮೂಡಿಸಿದ ಚಿತ್ರಗಳು ನೂರಾರು. ಅವುಗಳಲ್ಲಿ ಹಿಣಿಲುಳ್ಳ, ನೀಳಕೊಂಬಿನ ಎತ್ತುಗಳೇ ಅಧಿಕ. ಫಾಸೆಟ್ ಎಂಬವರು 1892ರಲ್ಲಿಯೇ ಇವುಗಳನ್ನು ವರ್ಣಿಸಿದರು. ಸಿರುಗುಪ್ಪದ ದಾರಿಯಲ್ಲಿರುವ ತೆಕ್ಕಲಕೋಟೆಯಲ್ಲಿ 1963ರಿಂದ 1965ರವರೆಗೆ ನಾಗರಾಜರಾಯರು ನಡೆಸಿದ ಉತ್ಖನನದಿಂದ ಅದೇ ಕಾಲದ ಗುಡ್ಡವಾಸಿಗಳ ಜೀವನವು ಬೆಳಕಿಗೆ ಬಂದಿತು.

ಈ ಎರಡು ದೇಶಗಳ ಆಚಾರಗಳಲ್ಲಿ ಒಂದರಿಂದೊಂದು ಹುಟ್ಟಿತೆನ್ನಲು ಆಧಾರವಿಲ್ಲ. ದನವೇ ಧನವಾಗಿದ್ದ ಜನರಲ್ಲಿ ಪೂಜ್ಯಭಾವವು ತಾನಾಗಿ ಮೂಡಿತು. ಭೇದವೂ ಸ್ಪಷ್ಟವಾಗಿಯೇ ಇದೆ. ಈಜಿಪ್ತದವರು ವೃಷಭದ ದೇಹವನ್ನು ಕೆಡದಂತೆ ಕಾಪಾಡಿದರು. ಈ ಸೀಮೆಯವರು ಗೋಮಯವನ್ನು ಅಗ್ನಿಗೊಪ್ಪಿಸಿ ಬೂದಿಯನ್ನುಳಿಸಿದರು. ಗೋಮಯವನ್ನು ಸುಟ್ಟು ವಿಭೂತಿಯನ್ನು ಮಾಡುವ ಭಕ್ತರಿಗೆ ಈ ಸಾದೃಶ್ಯವು ಹೊಳೆಯುವುದು ಸಹಜವೇ ಸರಿ. ಆದರೆ ಬೂದಿದಿಬ್ಬಗಳ ಕಾಲವು ಕ್ರಿ. ಪೂ. ಸುಮಾರು 1200ಕ್ಕೆ ಮುಗಿಯುತ್ತದೆ. ಅಲ್ಲಿಂದ ಶರಣರ 12ನೆಯ ಶತಮಾನದವರೆಗೆ ಎರಡು ಸಾವಿರಕ್ಕೂ ಮಿಕ್ಕ ವರ್ಷಗಳ ಅಂತರವಿದೆ. ಭಕ್ತಿಯು ಕಂಡ ಸಾದೃಶ್ಯವನ್ನು ಇತಿಹಾಸದ ಪ್ರಮಾಣವೆಂದು ಭಾವಿಸಲಾಗದು.

ಕುರುಗೋಡಿನ ದೊಡ್ಡಬಸವೇಶ್ವರ ದೇವಾಲಯದಲ್ಲಿ ಆಳೆತ್ತರವನ್ನು ಮೀರಿದ ಏಕಶಿಲೆಯ ಬಸವನು ಮಂಡಿಸಿದ್ದಾನೆ. ಬಸವ ಎಂಬುದು ವೃಷಭ ಶಬ್ದದ ತದ್ಭವ. 1369ರಲ್ಲಿ ಭೀಮಕವಿಯು ರಚಿಸಿದ ಬಸವಪುರಾಣವು ಬಸವಣ್ಣನವರನ್ನು ನಂದಿಯ ಅವತಾರವೆಂದು ಕೊಂಡಾಡುತ್ತದೆ. ಈಜಿಪ್ತದ ಆಪಿಸ್ ಇಂದು ಪೂಜಕರಿಲ್ಲದೆ ನೆಲಮಾಳಿಗೆಯ ಪಾಲಾಗಿದೆ. ಕುರುಗೋಡಿನ ಬಸವನ ಮುಂದೆ ದೀಪವಿನ್ನೂ ಉರಿಯುತ್ತಿದೆ.

ಬಂಡೆಯ ಮೇಲಣ ಎತ್ತುಗಳಿಗಾದರೋ ಪೂಜಾರಿಯಿಲ್ಲ, ಗುಡಿಯ ಗೋಡೆಯಿಲ್ಲ. ಈ ಶತಮಾನದ ಆದಿಯ ವರ್ಷಗಳಲ್ಲಿ ಕಲ್ಲುಗಣಿಯ ಕೆಲಸದಿಂದ ಕಪ್ಪಗಲ್ಲಿನ ಗುಡ್ಡಕ್ಕೆ ಹಾನಿ ತಟ್ಟಿತು. ಹಲವು ದಿಬ್ಬಗಳ ಬೂದಿಯು ಗೊಬ್ಬರವಾಗಿ ಹೊಲಗಳಿಗೆ ಸಾಗಿಹೋಯಿತು. ಒಡೆದ ಬಂಡೆಯು ಮತ್ತೆ ಕೂಡದು, ಚೆದರಿದ ಬೂದಿಯು ಮತ್ತೆ ದಿಬ್ಬವಾಗದು. ನಂದಿಗೆ ನಮಿಸುವ ಭಕ್ತಜನರು ಐದು ಸಾವಿರ ವರ್ಷಗಳ ಹಿಂದಿನ ಈ ಗೋಪಾಲಕರ ಗುರುತುಗಳನ್ನೂ ತಮ್ಮ ನಾಡಿನ ನಿಧಿಯೆಂದು ಕಾಪಾಡುವುದು ಉಚಿತವಾಗಿದೆ.