ಆಶ್ರಯ ಬಡಾವಣೆ

ಕರ್ನಾಟಕದ ಗ್ರಾಮಗಳಲ್ಲಿ ನಿವೇಶನರಹಿತ ಬಡ ಕುಟುಂಬಗಳಿಗೆಂದು ಸರ್ಕಾರಿ ಜಮೀನಿನಲ್ಲಿ, ಅದಿಲ್ಲದ ಕಡೆ ಖರೀದಿಸಿದ ಜಮೀನಿನಲ್ಲಿ, ನಿವೇಶನ ವಿಂಗಡಿಸಿ ರೂಪಿಸಿದ ವಸತಿ ಪ್ರದೇಶ. ದೇವರಾಜ ಅರಸು ಕಾಲದ ಜನತಾ ಮನೆಗಳು ಇದರ ಪೂರ್ವರೂಪ. ಹೆಸರು ಬಂದದ್ದು 1991-92ರ ಆಶ್ರಯ ಯೋಜನೆಯಿಂದ. ಯೋಜನೆ ಬಸವ ವಸತಿ ಎಂದಾದ ಮೇಲೂ ಊರಿನ ಬಳಕೆಯಲ್ಲಿ ಹಳೆಯ ಹೆಸರೇ ನಿಂತಿದೆ. ಅನುಷ್ಠಾನ 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ್ದು. ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ.

ಸಾಂದ್ರತೆಯನ್ನು ನಿರ್ಧರಿಸುವುದು ನಿವೇಶನದ ಅಳತೆ ಮತ್ತು ರಸ್ತೆಗೆ ಬಿಟ್ಟ ಜಾಗ. ಒಂದು ಎಕರೆ 43,560 ಚದರಡಿ. ಅದರಲ್ಲಿ ಶೇ 40ರಷ್ಟು ರಸ್ತೆ, ಚರಂಡಿ, ಬಯಲಿಗೆ ಹೋದರೆ 30x40 ಅಡಿಯ ಸುಮಾರು 21 ನಿವೇಶನಗಳು ದಕ್ಕುತ್ತವೆ. 20x30 ಅಡಿಯಾದರೆ ಸಂಖ್ಯೆ ಇಮ್ಮಡಿಯಾಗುತ್ತದೆ, ಆದರೆ ದನದ ಕೊಟ್ಟಿಗೆ, ಸೌದೆ ರಾಶಿ, ಬಚ್ಚಲ ಗುಂಡಿ ರಸ್ತೆಗೆ ಬರುತ್ತವೆ. ಪ್ರಧಾನಮಂತ್ರಿ ಆವಾಸ್ ಯೋಜನೆ-ಗ್ರಾಮೀಣದಲ್ಲಿ (2016) ಅಡುಗೆ ಜಾಗ ಸೇರಿ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್.

ಊರನ್ನು ಸೇರಿಸುವ ರಸ್ತೆಗೆ ಭಾರತೀಯ ರಸ್ತೆ ಕಾಂಗ್ರೆಸ್‌ನ ಗ್ರಾಮೀಣ ರಸ್ತೆ ಕೈಪಿಡಿ ಆಧಾರ: ವಾಹನ ಪಥ 3.75 ಮೀಟರ್, ದಿನಕ್ಕೆ 100ಕ್ಕಿಂತ ಕಡಿಮೆ ಮೋಟಾರು ವಾಹನ ಓಡಾಡುವಲ್ಲಿ 3 ಮೀಟರ್ ಸಾಕು. 3 ಮೀಟರ್ ರಸ್ತೆಯಲ್ಲಿ ಎದುರುಬದುರಾದ ಎರಡು ಟ್ರ್ಯಾಕ್ಟರ್‌ಗಳಿಗೆ ಪಕ್ಕದ ಮಣ್ಣಿನ ಅಂಚೇ ಗತಿ. ಮನೆಗಳ ಮುಂದಿನ ಜಗಲಿ, ಮೆಟ್ಟಿಲುಗಳು ಚರಂಡಿ ದಾಟಿ ಬಂದರೆ ಒಳರಸ್ತೆ ಇನ್ನಷ್ಟು ಕಿರಿದಾಗುತ್ತದೆ. ನಕ್ಷೆಯ ಅಗಲವೂ ನೆಲದ ಅಗಲವೂ ಒಂದೇ ಆಗಿರುವುದು ಅಪರೂಪ.