ಶ್ರುತಭಂಡಾರದ ಬಾಗಿಲು ತೆರೆದ ಬಗೆ

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನಕ್ಕೆ ಕನ್ನಡ ನಾಡಿನಲ್ಲಿ ಹೆಸರಾದವಳು ದಾನಚಿಂತಾಮಣಿ ಅತ್ತಿಮಬ್ಬೆ. ಲಕ್ಕುಂಡಿಯ ಬ್ರಹ್ಮ ಜಿನಾಲಯದ 1007ರ ಶಾಸನವು ಈ ಮಹಾಶ್ರಾವಿಕೆಯ ಕೀರ್ತಿಯನ್ನು ಸಾರುತ್ತದೆ. ಪೊನ್ನನ ಶಾಂತಿಪುರಾಣವು ಪ್ರತಿಗಳಿಲ್ಲದೆ ನಶಿಸಬಾರದೆಂದು ಆಕೆ ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಒಂದೊಂದು ಗರಿಯನ್ನೂ ಹದಮಾಡಿ, ಕಂಠದಿಂದ ಕೊರೆದು, ಮಸಿ ತುಂಬಿ, ದಾರ ಪೋಣಿಸಿ ಕಟ್ಟಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ದುಡಿಮೆಯೆಂಬುದನ್ನು ಲೆಕ್ಕಪತ್ರ ಬಲ್ಲವರು ಊಹಿಸಿಕೊಳ್ಳಬಹುದು. ಗ್ರಂಥವೊಂದು ಉಳಿಯಬೇಕಾದರೆ ಅದು ಒಂದೇ ಕಡೆ ಇರಕೂಡದು ಎಂಬ ತಿಳಿವಳಿಕೆ ನಮ್ಮ ಹಿರಿಯರಿಗೆ ಅಂದೇ ಇದ್ದಿತು.

ಆದರೆ ಪರಮಪೂಜ್ಯವಾದ ಸಿದ್ಧಾಂತ ಗ್ರಂಥಗಳ ವಿಷಯದಲ್ಲಿ ನಡೆದುದೇ ಬೇರೆ. ಗಿರಿನಗರದ ಚಂದ್ರಗುಹೆಯಲ್ಲಿ ಧರಸೇನಾಚಾರ್ಯರಿಂದ ಪುಷ್ಪದಂತ-ಭೂತಬಲಿಗಳು ಪಡೆದ ಜ್ಞಾನವೇ ಷಟ್ಖಂಡಾಗಮವಾಯಿತು. ಅದಕ್ಕೆ ವೀರಸೇನಾಚಾರ್ಯರು ಧವಲಾ ಟೀಕೆಯನ್ನು ರಚಿಸಿದರು. ಅವರು ಆರಂಭಿಸಿದ ಜಯಧವಲೆಯನ್ನು ಶಿಷ್ಯರಾದ ಜಿನಸೇನಾಚಾರ್ಯರು 837ರಲ್ಲಿ ಪೂರೈಸಿದರು. ಮಹಾಧವಲವೆಂದು ಪ್ರಸಿದ್ಧವಾದ ಮಹಾಬಂಧವೂ ಸೇರಿ ಇವುಗಳ ಪ್ರಾಚೀನ ತಾಡವಾಲೆ ಪ್ರತಿಗಳು ಉಳಿದುದು ಮೂಡಬಿದಿರೆಯ ಸಿದ್ಧಾಂತ ಬಸದಿಯೊಂದರಲ್ಲಿ ಮಾತ್ರ. ಭಾಷೆ ಪ್ರಾಕೃತ-ಸಂಸ್ಕೃತ, ಲಿಪಿ ಹಳೆಗನ್ನಡ. ಮಹಾಬಂಧದ ಪ್ರತಿಯನ್ನು ಶ್ರೀಪಂಚಮಿ ನೋಂಪಿಯ ಉದ್ಯಾಪನೆಗೆಂದು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದವಳು ಮಲ್ಲಿಕಬ್ಬೆಯೆಂಬ ಶ್ರಾವಿಕೆ. ಶತಮಾನಗಳವರೆಗೆ ಯಾತ್ರಿಕರು ದೂರದೂರದಿಂದ ಬಂದು 'ಸಿದ್ಧಾಂತ ದರ್ಶನ' ಮಾಡಿ, ಕಾಣಿಕೆಯೊಪ್ಪಿಸಿ, ನಮಸ್ಕರಿಸಿ ಹೋದರು. ದರ್ಶನ ಮಾಡಿದವರು ಅಸಂಖ್ಯ. ಓದಿದವರು ಬೆರಳೆಣಿಕೆಯಷ್ಟೂ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಮತ್ತು ಸೊಲ್ಲಾಪುರದ ಹೀರಾಚಂದ ನೇಮಚಂದರು ಈ ಓಲೆಗಳ ಜೀರ್ಣಾವಸ್ಥೆಯನ್ನು ಕಂಡು ಮರುಗಿ ಪ್ರತಿ ಮಾಡಿಸಲು ಮುಂದಾದರು. ಇಬ್ಬರೂ ವರ್ತಕರೆಂಬುದು ಗಮನಾರ್ಹ. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಬರವಣಿಗೆಗೆ ಕುಳಿತರು. ಪ್ರತಿಗಳು ಸಿದ್ಧವಾಗುತ್ತಿದ್ದರೂ ಅವು ಹೊರಗೆ ಹೋಗಕೂಡದೆಂಬ ನಿರ್ಬಂಧವಿತ್ತು. ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿಯನ್ನೂ ಮಾಡಿಕೊಂಡರು. ಅದು ಸಹಾರನಪುರವನ್ನು ಸೇರಿ, ಅಲ್ಲಿಂದ ಪ್ರತಿಯ ಪ್ರತಿಗಳಾಗಿ ಉತ್ತರದಲ್ಲಿ ಹರಡಿತು. ಇದು ತಪ್ಪೋ ಒಪ್ಪೋ ಎಂದು ಇಂದು ತೀರ್ಪು ಹೇಳುವುದು ಸುಲಭವಲ್ಲ. ಆ ಕಾಲದಲ್ಲಿ ಶಾಸ್ತ್ರವನ್ನು ಅಚ್ಚು ಹಾಕಿಸುವುದೇ ಅವಿನಯವೆಂದು ವಿರೋಧಿಸಿದ ಧರ್ಮಭೀರುಗಳು ಸಮಾಜದಲ್ಲಿ ಅನೇಕರಿದ್ದರು. ಅವರ ಭಕ್ತಿಯನ್ನು ಹಳಿಯುವಂತಿಲ್ಲ. ಆದರೆ ಹುಳು ತಿಂದ ಓಲೆ ಭಕ್ತಿಯಿಂದ ಮರಳಿ ಬರುವುದಿಲ್ಲ.

ಹೀಗೆ ಹರಡಿದ ಪ್ರತಿಗಳ ಆಧಾರದಿಂದ ಡಾ॥ ಹೀರಾಲಾಲ್ ಜೈನರು 1939ರಲ್ಲಿ ಅಮರಾವತಿಯಿಂದ ಧವಲೆಯ ಮೊದಲ ಸಂಪುಟವನ್ನು ಪ್ರಕಟಿಸಿದರು. ಮುಂದೆ ಅದು 16 ಸಂಪುಟಗಳಾಗಿ ಪೂರ್ಣಗೊಂಡಿತು. ಮೊದಲ ಸಂಪುಟದ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಒಂದು ಪದವು ಅವರ ಕೈಯಲ್ಲಿದ್ದ ಪ್ರತಿಗಳಲ್ಲಿ ಇರಲಿಲ್ಲ. ಅರ್ಥವನ್ನು ನೋಡಿದರೆ ಅದು ಇರಲೇಬೇಕೆಂದು ಸಂಪಾದಕರು ತರ್ಕಿಸಿದರು. ಮೂಡಬಿದಿರೆಯ ಮೂಲದೊಡನೆ ಹೋಲಿಸುವ ಅವಕಾಶ ದೊರೆತಾಗ ಓಲೆಯಲ್ಲಿ ಆ ಪದ ಇದ್ದೇ ಇತ್ತು! ಆ ಪದದ ಸುತ್ತ ವಿದ್ವಾಂಸರಲ್ಲಿ ಬೆಳೆದ ವಾದವಿವಾದ ಇಲ್ಲಿ ಬೇಡ. ಮೂಲವು ಕಣ್ಣಿಗೆ ಕಾಣುವಂತಿರಬೇಕಾದ ಅಗತ್ಯಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅಂದು ಕೈಬರಹದ ಪ್ರತಿ ಮಾಡಿದ ಕೆಲಸವನ್ನು ಇಂದು ಗಣಕಯಂತ್ರದ ಭಂಡಾರಗಳು ಮಾಡುತ್ತಿವೆ. ಎರಡು ಸಾವಿರದ ಇಸವಿಯ ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಮನ್ವಯದಲ್ಲಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಲಕ್ಷಗಟ್ಟಲೆ ಹಳೆಯ ಪುಸ್ತಕಗಳು ಸ್ಕ್ಯಾನ್ ಆದವು. ಮುಂದೆ ಆ ಜಾಲತಾಣ ಮುಚ್ಚಿದರೂ, 1996ರಲ್ಲಿ ಅಮೆರಿಕದಲ್ಲಿ ಆರಂಭವಾದ ಇಂಟರ್‌ನೆಟ್ ಆರ್ಕೈವ್ ಎಂಬ ಭಂಡಾರದಲ್ಲಿ ಅದರ ಪ್ರತಿಗಳಿದ್ದುದರಿಂದ ಪುಸ್ತಕಗಳು ಉಳಿದವು. ಅತ್ತಿಮಬ್ಬೆಯ ಲೆಕ್ಕಾಚಾರ ಇಲ್ಲಿಯೂ ಸರಿಹೋಯಿತು. ಉತ್ತರ ಅಮೆರಿಕದ ಜೈನ ಸಂಘಗಳ ಒಕ್ಕೂಟವು ನಡೆಸುವ ಜೈನ್ ಈ-ಲೈಬ್ರರಿಯಲ್ಲಿ ಆಗಮ, ಪುರಾಣ, ಟೀಕೆ, ಹಳೆಯ ಪತ್ರಿಕೆಗಳೆಲ್ಲ ಬೆಲೆಯಿಲ್ಲದೆ ದೊರೆಯುತ್ತವೆ. ಯಾವ ಸಂಪ್ರದಾಯದವರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಧರ್ಮಗ್ರಂಥಗಳಷ್ಟೇ ಅಲ್ಲ, ಸಮಾಜದ ಚರಿತ್ರೆಗೆ ಬೇಕಾದ ಸಾಮಗ್ರಿಯೂ ಈ ಭಂಡಾರಗಳಲ್ಲಿ ನಾನಾ ಬಗೆಯಾಗಿ ತುಂಬಿದೆ: ಹಳೆಯ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳು, ಜಿಲ್ಲಾ ಗ್ಯಾಸೆಟಿಯರುಗಳು, 1872ರಲ್ಲಿ ಆರಂಭವಾದ ಇಂಡಿಯನ್ ಆಂಟಿಕ್ವೆರಿಯ ಸಂಪುಟಗಳು, ಹಸ್ತಪ್ರತಿಗಳ ಸೂಚಿಗಳು. ಇವೆಲ್ಲಕ್ಕೂ ಮಿಗಿಲಾದುದು ಎಪಿಗ್ರಾಫಿಯಾ ಕರ್ನಾಟಿಕಾ. ಲೂಯಿಸ್ ರೈಸರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರ 1923ರ ಮುದ್ರಣದಲ್ಲಿ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ 1973ರ ಮುದ್ರಣದಲ್ಲಿ 573. ಬಂಡೆಗಳಿಗೆ ಹೊಸದಾಗಿ ಯಾರೂ ಅಕ್ಷರ ಬರೆದುದಲ್ಲ, ಓದುವವರು ಬಂದರು, ಅಷ್ಟೆ. ಅಲ್ಲಿರುವುದು ರಾಜರ ಬಿರುದಾವಳಿಯಷ್ಟೇ ಎಂದು ತಿಳಿಯಬಾರದು. ಗೊಮ್ಮಟದೇವರ ನಿತ್ಯಾಭಿಷೇಕದ ಹಾಲಿಗಾಗಿ ಗದ್ಯಾಣಗಳನ್ನು ಇಟ್ಟು, ಅದರ ಬಡ್ಡಿಯಿಂದ ಸೇವೆ ನಡೆಯುವಂತೆ ಏರ್ಪಾಡು ಮಾಡಿದ ಶೆಟ್ಟರ ಲೆಕ್ಕಗಳು ಅಲ್ಲಿವೆ. ಹೊಯ್ಸಳ ವೀರಬಲ್ಲಾಳನ ಮಂತ್ರಿ ನಾಗದೇವನು 1195ರಲ್ಲಿ ಕಟ್ಟಿಸಿದ ಜಿನಾಲಯವನ್ನು ಊರಿನ ವರ್ತಕ ಸಮೂಹವಾದ 'ನಗರ'ದವರು ಪಾಲಿಸಿದುದರಿಂದ ಅದಕ್ಕೆ ನಗರ ಜಿನಾಲಯವೆಂಬ ಹೆಸರು ನಿಂತಿತು.

ಕೊರತೆಗಳೂ ಉಂಟು. ಸ್ಕ್ಯಾನ್ ಆದ ಪುಸ್ತಕಗಳಲ್ಲಿ ಎಷ್ಟೋ ಕಡೆ ಪುಟಗಳು ಬಿಟ್ಟುಹೋಗಿವೆ. ಕನ್ನಡ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಹೇಗೋ ಬರೆದಿರುವುದರಿಂದ, ಇರುವ ಪುಸ್ತಕವೂ ಹುಡುಕಿದಾಗ ಸಿಕ್ಕುವುದಿಲ್ಲ. ನಾಲ್ಕು ಬಗೆಯಾಗಿ ಹೆಸರು ಬರೆದು ತಾಳ್ಮೆಯಿಂದ ನೋಡಬೇಕು. ಶಾಸನದ ಸಂಖ್ಯೆ ಒಂದೊಂದು ಮುದ್ರಣದಲ್ಲಿ ಒಂದೊಂದಾಗಿರುವುದೂ ಹೊಸಬರಿಗೆ ತೊಡಕು.

ಅದಕ್ಕಿಂತ ದೊಡ್ಡ ಕೊರತೆಯೆಂದರೆ ಚಿಕ್ಕ ಊರುಗಳ ಬಸದಿಗಳಲ್ಲಿಯೂ ಪುರೋಹಿತರ ಹಾಗೂ ಹಳೆಯ ಶ್ರೀಮಂತರ ಮನೆಗಳಲ್ಲಿಯೂ ಇರುವ ಓಲೆಕಟ್ಟು, ಕಡತ, ದಾನಪತ್ರ, ನೋಂಪಿಯ ಪುಸ್ತಕಗಳು ಯಾವ ಭಂಡಾರವನ್ನೂ ಸೇರಿಲ್ಲ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮೊದಲಾದೆಡೆ ಶ್ರಮಪಟ್ಟು ಸಿದ್ಧಪಡಿಸಿದ ತಾಡಪತ್ರ ಗ್ರಂಥಗಳ ಸೂಚಿಯನ್ನು ಕಾಶಿಯ ಭಾರತೀಯ ಜ್ಞಾನಪೀಠವು 1948ರಲ್ಲಿ ಪ್ರಕಟಿಸಿತು. ಅಂತಹ ಸೂಚಿಗೆ ಸೇರದ ಪೆಟ್ಟಿಗೆಗಳೆಷ್ಟೋ! ಶ್ರುತಪಂಚಮಿಯಂದು ಹೊರತೆಗೆದು, ಧೂಳು ಕೊಡವಿ, ಹೂವೇರಿಸಿ ಮತ್ತೆ ಒಳಗಿಡುವ ಕಟ್ಟುಗಳನ್ನು ಅದೇ ದಿನ ಗರಿಗರಿಯಾಗಿ ಚಿತ್ರ ತೆಗೆದರೆ ಪೂಜೆಗೆ ಯಾವ ಲೋಪವೂ ಇಲ್ಲ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಹಸ್ತಪ್ರತಿಗಳ ನೋಂದಣಿಗೆ ದಾರಿ ಮಾಡಿತು. 2025ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಿತವಾದ ಜ್ಞಾನಭಾರತಂ ಯೋಜನೆಯು ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಗುರಿಯನ್ನಿಟ್ಟುಕೊಂಡಿದೆ. ಚಿತ್ರ ತೆಗೆದ ಮಾತ್ರಕ್ಕೆ ಓಲೆ ಯಾರ ಕೈಗೂ ಹೋಗುವುದಿಲ್ಲ, ಬಸದಿಯಲ್ಲಿಯೇ ಇರುತ್ತದೆ. ಈ ವಿಷಯದಲ್ಲಿ ಹಿರಿಯರ ಅಂಜಿಕೆಗೆ ಕಾರಣವಿಲ್ಲ.

ಜೀರ್ಣೋದ್ಧಾರದ ಕಾಲದಲ್ಲಂತೂ ಎಚ್ಚರ ಬೇಕು. ಹಳೆಯ ಚಪ್ಪಡಿಯನ್ನು ಕಿತ್ತು ಹೊಳೆಯುವ ಕಲ್ಲು ಹಾಸುವಾಗ, ಕಂಬಕ್ಕೆ ಬಣ್ಣ ಬಳಿಯುವಾಗ ಅಕ್ಷರಗಳು ಅಳಿಯುತ್ತವೆ. ಕೆಲಸಗಾರರನ್ನು ಕರೆಯುವುದಕ್ಕೆ ಮೊದಲು ಪಡಿಯಚ್ಚು ತೆಗೆಯಿಸುವುದು ಒಂದೆರಡು ದಿನದ ಕೆಲಸ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಆ ಭಾಗದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗಿಗೆ ಒಳಪಡಿಸುತ್ತಿದ್ದಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಅದರಲ್ಲಿ ಮೂಡುತ್ತದೆ.

ಶ್ರವಣಬೆಳಗೊಳದ ಭಂಡಾರಿ ಬಸದಿಯ 1368ರ ಶಾಸನವನ್ನು ಬಲ್ಲವರು ಬಹಳ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ವಿಜಯನಗರದ ಬುಕ್ಕರಾಯನು ಜೈನರ ಕೈಹಿಡಿದು ವೈಷ್ಣವರ ಕೈಯಲ್ಲಿಟ್ಟ ಪ್ರಸಂಗ ಅದರಲ್ಲಿದೆ. ವರ್ಷಕ್ಕೆ ಮನೆಗೊಂದು ಹಣದಂತೆ ಜೈನರಿಂದ ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಯಿಸಬೇಕೆಂದು ಅಂದು ಗೊತ್ತಾಯಿತು. ಈ ಶಾಸನವು ರೈಸರ ಮುದ್ರಣದಲ್ಲಿ 136ನೆಯದು, ನರಸಿಂಹಾಚಾರ್ಯರ ಮುದ್ರಣದಲ್ಲಿ 344ನೆಯದು. ಅಂದಿನವರು ಇದನ್ನು ಒಂದೇ ಕಲ್ಲಿಗೆ ನಂಬಿ ಬಿಡಲಿಲ್ಲ. ಇದೇ ಒಡಂಬಡಿಕೆಯನ್ನು ಮಾಗಡಿಯ ಬಳಿಯ ಕಲ್ಯದಲ್ಲಿಯೂ ಕೆತ್ತಿಸಿದರು. ಅದು ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾಗಿದೆ. ಎರಡೂ ಸಂಪುಟಗಳು ಇಂದು ಅಂತರ್ಜಾಲದ ಭಂಡಾರದಲ್ಲಿವೆ. ಎರಡು ಕಲ್ಲುಗಳ ಪಾಠವನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಯಾವ ಊರಿನ ಶ್ರಾವಕನಾದರೂ ಮನೆಯಲ್ಲಿಯೇ ಕುಳಿತು ಓದಬಹುದು.