ಅಳತೆ ಸೇರೋ, ತೂಕದ ಸೇರೋ?

ಬೀದರ, ಭಾಲ್ಕಿ, ಔರಾದ ಕಡೆಯ ಹಿರಿಯರು ಯಾರಾದರೂ "ಒಂದು ಸೇರು ಬೇಳೆಗೆ ಒಂದು ಸೇರು ಬೆಲ್ಲ" ಅಂತ ಹೋಳಿಗೆಯ ಲೆಕ್ಕ ಹೇಳಿದರೆ, ಬರೆದುಕೊಳ್ಳುವ ಮೊದಲು ಇದೊಂದು ಪ್ರಶ್ನೆ ಕೇಳಿಬಿಡಿ. ಯಾಕಂದ್ರೆ ಬೇಳೆಯನ್ನು ಪಾತ್ರೆಯಲ್ಲಿ ಅಳೆಯಬಹುದು, ಬೆಲ್ಲದ ಪೆಂಟೆಯನ್ನು ಅಳೆಯೋದು ಹೇಗೆ? ಅದು ತಕ್ಕಡಿಗೇ ಹೋಗಬೇಕು. ಹೆಸರೊಂದೇ, ಒಳಗಿನ ಲೆಕ್ಕ ಎರಡು. (ನಿಜಾಮರ ಕಾಲದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು ಅಂತಾರಲ್ಲ, ಹಂಗೇ! :-))

ತೂಕದ ಸೇರೂ ಎಂದೂ ಒಂದೇ ಆಗಿರಲಿಲ್ಲ. ಅಕ್ಬರನ ಸೇರು 30 ದಾಮಿನ ತೂಕ, ಶಹಜಹಾನನ ಕಾಲಕ್ಕೆ ಅದು 40 ದಾಮು. ಬ್ರಿಟಿಷರ ಲೆಕ್ಕದಲ್ಲಿ 80 ತೊಲ, ಅಂದರೆ 933 ಗ್ರಾಂ. ಅದರಲ್ಲಿ 16 ಛಟಾಕು. ನಾಲ್ಕು ಛಟಾಕಿಗೆ ಒಂದು ಪಾವ್.

ನಮ್ಮ ಜಿಲ್ಲೆಯವರಿಗೆ ಆ ವರ್ಷಗಳಲ್ಲಿ ಎಲ್ಲವೂ ಒಟ್ಟೊಟ್ಟಿಗೇ ಬದಲಾಯಿತು. 1948ರಲ್ಲಿ ನಿಜಾಮರ ಆಳ್ವಿಕೆ ಹೋಯಿತು, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಬಂತು, 1957ರಲ್ಲಿ ನಯಾ ಪೈಸೆ ಬಂತು. 1958ರಿಂದ ಹಂತಹಂತವಾಗಿ ಬಂದ ಕಿಲೋಗ್ರಾಂ 1962ರ ಏಪ್ರಿಲ್‌ಗೆ ದೇಶದಲ್ಲೆಲ್ಲ ಕಡ್ಡಾಯವಾಯಿತು. ಆದರೆ ಪಾವ್ ಎಲ್ಲೂ ಹೋಗಲಿಲ್ಲ, "ಪಾವ್ ಕಿಲೋ" ಆಗಿ ಉಳಿಯಿತು. ಹಳೆಯ ಪಾವ್ 233 ಗ್ರಾಂ, ಹೊಸದು 250. ಪಲ್ಯಕ್ಕೆ ಇದೇನೂ ದೊಡ್ಡದಲ್ಲ, ಬೆಲ್ಲದ ಪಾಕಕ್ಕೆ ಗೊತ್ತಾಗುತ್ತದೆ.

ಈಗ ಅಳತೆ ಸೇರಿಗೆ ಬನ್ನಿ. 933 ಗ್ರಾಂ ಜೋಳ ಹಿಡಿಯುವ ಪಾತ್ರೆ ಅಂದುಕೊಳ್ಳಿ, ಅದು ಹೆಚ್ಚುಕಡಿಮೆ ಒಂದೂಕಾಲು ಲೀಟರ್. ಅದೇ ಪಾತ್ರೆಗೆ ಕಡಲೆಬೇಳೆ ತುಂಬಿದರೆ ಒಂದು ಕಿಲೋ ದಾಟುತ್ತದೆ. ಜೋಳದ ಹಿಟ್ಟಾದರೆ ಮುಕ್ಕಾಲು ಕಿಲೋನೂ ಆಗಲಿಕ್ಕಿಲ್ಲ, ಅದೂ ಜರಡಿ ಹಿಡಿದ ಹಿಟ್ಟೋ ಒತ್ತಿ ತುಂಬಿದ್ದೋ ಅನ್ನುವುದರ ಮೇಲೆ. ಹಾಗಾಗಿ ಆ ಹೋಳಿಗೆಯ "ಸಮಸಮ" ನಿಜಕ್ಕೂ ಸಮ ಅಲ್ಲ, ಬೆಲ್ಲ ನೂರು ಗ್ರಾಂನಷ್ಟು ಕಡಿಮೆ ಬೀಳುತ್ತದೆ. ಕಿಲೋಗೆ ಕಿಲೋ ಹಾಕಿ ಹೋಳಿಗೆ ಮಾಡಿ "ಅಜ್ಜಿ ಮಾಡಿದ್ದು ಇಷ್ಟು ಸಿಹಿ ಇರ್ತಿರಲಿಲ್ಲ" ಅನ್ನುವವರು ಇದನ್ನೊಮ್ಮೆ ನೋಡಿ.

ಅಡುಗೆಮನೆಯಲ್ಲಿ ಇದು ಬರೀ ರುಚಿಯ ಮಾತು. ಕಣದಲ್ಲಿ ಹಾಗಲ್ಲ, ಅಲ್ಲಿ ಕೂಲಿಯೇ ಜೋಳ. ಸೇರನ್ನು ಗೋಪುರ ಕಟ್ಟಿ ಅಳೆದು ಕೊಡುವುದಕ್ಕೂ ಕೈಯಿಂದ ಸವರಿ ಮಟ್ಟ ಮಾಡಿ ಕೊಡುವುದಕ್ಕೂ ಅಂತರವಿದೆ. ಆ ಅಂತರ ಪಾತ್ರೆಯ ಬಾಯಿಯ ಮೇಲೆ ನಿಂತಿದೆ: ಬಾಯಿ ಎರಡು ಪಟ್ಟು ಅಗಲವಾದರೆ ಮೇಲಿನ ಗೋಪುರ ಎಂಟು ಪಟ್ಟು. ಅಗಲ ಬಾಯಿಯ ಗಿಡ್ಡ ಸೇರು, ಕಿರಿ ಬಾಯಿಯ ಎತ್ತರದ ಸೇರು, ಎರಡೂ ಮಟ್ಟಕ್ಕೆ ಸರಿಸಮ ಹಿಡಿದರೂ ಗೋಪುರ ಕಟ್ಟಿದಾಗ ಸರಿಸಮ ಅಲ್ಲ. ಸಾಲ ಕೊಡುವಾಗ ಮಟ್ಟ, ವಸೂಲಿಗೆ ಗೋಪುರ ಅಂದರೆ ಬಾಯಿ ಬಿಟ್ಟು ಹೇಳದ ಬಡ್ಡಿ! ನನ್ನ ಮಟ್ಟಿಗೆ ತಕ್ಕಡಿ ಬಂದದ್ದು ಒಳ್ಳೆಯದೇ ಆಯಿತು, ತಕ್ಕಡಿಗೂ ತನ್ನದೇ ಮೋಸಗಳಿದ್ದರೂ.

ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ಸೇರು ಇದ್ದರೆ ಜೋಳ ತುಂಬಿ, ಮಟ್ಟ ಮಾಡಿ ತೂಗಿ. ಆಮೇಲೆ ಬೇಳೆ, ಹಿಟ್ಟು, ಅವಲಕ್ಕಿ ಒಂದೊಂದಾಗಿ ತೂಗಿ, ಡಬ್ಬಿಯ ಮೇಲೆ ಬರೆದಿಡಿ.